ಗೂಢಾರ್ಥಕ್ಕೆ ನಡತೆಯೇ ಸಾಕ್ಷಿ

ಉತ್ತರ ಇಸ್ರೇಲಿನ ಗಲಿಲಾಯ ಸೀಮೆಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಬೆಟ್ಟದ ಮೇಲೆ ಸಫೇದ್ ಎಂಬ ಊರಿದೆ. 1492ರಲ್ಲಿ ಸ್ಪೇನ್ ತನ್ನಲ್ಲಿದ್ದ ಯೆಹೂದ್ಯರನ್ನು ಗಡಿಪಾರು ಮಾಡಿದಾಗ ದಿಕ್ಕಾಪಾಲಾದ ಕುಟುಂಬಗಳಲ್ಲಿ ಹಲವು ಕ್ರಮೇಣ ಇಲ್ಲಿಗೆ ಬಂದು ನೆಲೆನಿಂತವು. ಉಣ್ಣೆ ನೇಯ್ದು, ಬಟ್ಟೆ ಮಾರಿ ಹೊಟ್ಟೆ ಹೊರೆದವು. ನೇಕಾರರ ಆ ಊರಿನಲ್ಲಿ ಹದಿನಾರನೆಯ ಶತಮಾನದಲ್ಲಿ ಒಟ್ಟಿಗೆ ಬಾಳಿದ ಕೆಲವೇ ಮಂದಿ ಯೆಹೂದ್ಯ ಧರ್ಮದ ದಿನಚರಿಗೆ ಹೊಸ ಉಸಿರು ತುಂಬಿದರು. ಶುಕ್ರವಾರ ಸಂಜೆ ಸಬ್ಬತ್ತನ್ನು ಮದುವಣಗಿತ್ತಿಯೆಂದು ಕರೆದು ಜಗತ್ತಿನ ಎಲ್ಲೆಡೆ ಸಿನಗಾಗ್‌ಗಳಲ್ಲಿ ಹಾಡುವ ‘ಲೆಖಾ ದೋದಿ’ಯನ್ನು ಬರೆದ ಶ್ಲೋಮೊ ಅಲ್ಕಬೆತ್ಸ್ ಇಲ್ಲಿದ್ದರು. ನಿತ್ಯವಿಧಿಗಳಿಗೆ ಪ್ರಮಾಣವಾದ ‘ಶುಲ್ಖಾನ್ ಆರೂಖ್’ ಗ್ರಂಥವನ್ನು ಯೋಸೆಫ್ ಕಾರೊ 1563ರಲ್ಲಿ ಇಲ್ಲೇ ಮುಗಿಸಿದರು. ಕಬ್ಬಾಲಾ ಎಂಬ ಒಳಮಾರ್ಗಕ್ಕೆ ಈಗಿನ ರೂಪ ಕೊಟ್ಟ ಮೋಶೆ ಕೊರ್ದೊವೆರೊ ಮತ್ತು ಯಿತ್ಸಾಕ್ ಲೂರಿಯಾ ಬಾಳಿದ್ದೂ ಇಲ್ಲೇ. ಕಾನೂನು ಬರೆದವರು, ಹಾಡು ಕಟ್ಟಿದವರು, ಗೂಢಾರ್ಥ ಹುಡುಕಿದವರು ಊರ ಇಳಿಜಾರಿನ ಹಳೆಯ ಸ್ಮಶಾನದಲ್ಲಿ ಈಗ ಅಕ್ಕಪಕ್ಕದಲ್ಲೇ ಮಲಗಿದ್ದಾರೆ.

ನಾನು ಉಡುಪಿ ಕಡೆಯವಳು. ನಮ್ಮ ಕರಾವಳಿಯ ಎಷ್ಟೋ ಜನರ ಹಾಗೆ ವಯಸ್ಸಾದವರ ಆರೈಕೆಯ ಕೆಲಸಕ್ಕೆಂದು ಇಸ್ರೇಲಿಗೆ ಬಂದೆ. ಸಫೇದಿನ ಒಂದು ಮನೆಯಲ್ಲಿ ಮರೆವಿನ ಕಾಯಿಲೆಯ ಹಿರಿಯ ಮಹಿಳೆಯೊಬ್ಬರನ್ನು ನೋಡಿಕೊಳ್ಳುತ್ತೇನೆ. ಮನೆಮಂದಿ ಕರೆಯುವಂತೆ ನಾನೂ ಅವರನ್ನು ‘ಸಾವ್ತಾ’, ಅಂದರೆ ಅಜ್ಜಿ, ಎಂದೇ ಕರೆಯುವುದು. ಅವರ ಗಂಡ ‘ಸಾಬಾ’ ಮುದ್ರಣಾಲಯದಲ್ಲಿ ಹೀಬ್ರೂ ಅಚ್ಚುಮೊಳೆ ಜೋಡಿಸಿ ಬದುಕು ಕಳೆದವರು. ನಮ್ಮದು ಬಾಸೆಲ್ ಮಿಶನ್ ಸಭೆಯ ಕುಟುಂಬ. ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎಂದು ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿದ ಐದು ಪುಸ್ತಕಗಳೇ ಈ ಮನೆಯ ತೋರಾ. ಅದೇ ಕತೆಗಳನ್ನು ಇವರು ಓದುವ ರೀತಿ, ಓದಿದ್ದನ್ನು ಊಟದ ಮೇಜಿಗೆ, ಹಾಸಿಗೆಯ ಪಕ್ಕಕ್ಕೆ ತರುವ ರೀತಿ ನನ್ನನ್ನು ಹಿಡಿದು ನಿಲ್ಲಿಸಿತು. ಕಬ್ಬಾಲಾ ಎಂದರೆ ಮಂತ್ರ, ತಾಯಿತ, ಸಂಖ್ಯೆಗಳ ಆಟ ಎಂದುಕೊಂಡಿರುವ ಓದುಗರಿಗೆ ನಾನು ಹತ್ತಿರದಿಂದ ಕಂಡದ್ದನ್ನು ಹೇಳಬೇಕು. ಸಫೇದಿನವರ ಪಾಲಿಗೆ ತೋರಾದ ಒಳಗಿನ ಅರ್ಥ ಎಂದರೆ ಎದುರಿಗಿರುವ ಮನುಷ್ಯನ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದರ ಅರಿವು.

ಒಂದೇ ಕತೆ, ಹಲವು ಪದರ

ಯೆಹೂದ್ಯರು ತೋರಾವನ್ನು 54 ಭಾಗ ಮಾಡಿಕೊಂಡು ವಾರವಾರವೂ ಓದುತ್ತ ಒಂದು ವರ್ಷದಲ್ಲಿ ಮುಗಿಸುತ್ತಾರೆ. ಮುಗಿದ ದಿನವೇ ಮತ್ತೆ ಮೊದಲಿನಿಂದ ಶುರು. ಒಂದೇ ಪುಸ್ತಕವನ್ನು ಬದುಕಿಡೀ ಓದುವವರಿಗೆ ಅದರ ಆಳ ಬೇಕಾಗುತ್ತದೆ. ಓದಿಗೆ ನಾಲ್ಕು ಹಂತಗಳನ್ನು ಅವರು ಹೇಳುತ್ತಾರೆ. ಪ್ಶಾತ್ ಎಂದರೆ ನೇರ ಅರ್ಥ, ರೆಮೆಜ್ ಎಂದರೆ ಸೂಚನೆ, ದ್ರಾಶ್ ಎಂದರೆ ಋಷಿಸಮಾನ ಗುರುಗಳು ಕೆದಕಿ ತೆಗೆದ ವ್ಯಾಖ್ಯಾನ, ಸೋದ್ ಎಂದರೆ ಗುಟ್ಟು. ಕಬ್ಬಾಲಾದ ಮೂಲಗ್ರಂಥ ‘ಜೋಹರ್’ ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಪೇನಿನ ಕ್ಯಾಸ್ಟೀಲ್‌ನಲ್ಲಿ ಬೆಳಕಿಗೆ ಬಂತು. ಭಕ್ತರು ಅದನ್ನು ಎರಡನೆಯ ಶತಮಾನದ ಗುರು ಶಿಮೋನ್ ಬಾರ್ ಯೋಖಾಯ್ ಅವರದೆಂದು ನಂಬುತ್ತಾರೆ. ಗೆರ್ಶೋಮ್ ಶೋಲೆಮ್ ಮೊದಲಾದ ವಿದ್ವಾಂಸರು ಮೋಶೆ ದೆ ಲಿಯೋನ್ ಅದರ ಮುಖ್ಯ ಲೇಖಕ ಎಂದು ತೋರಿಸಿದ್ದಾರೆ. ತೋರಾದ ಕತೆಗಳನ್ನು ಬರೀ ಕತೆಗಳೆಂದು ಓದುವವರನ್ನು ಜೋಹರ್ ಕಟುವಾಗಿಯೇ ಎಚ್ಚರಿಸುತ್ತದೆ. ಅದರ ಪ್ರಕಾರ ಕತೆ ಉಡುಪು, ಆಜ್ಞೆಗಳು ಶರೀರ, ಅವುಗಳೊಳಗೆ ಆತ್ಮ.

ನನ್ನ ಕೆಲಸಕ್ಕೆ ಹತ್ತಿರದ ಕತೆಯನ್ನೇ ನೋಡೋಣ. ಆದಿಕಾಂಡದ 18ನೆಯ ಅಧ್ಯಾಯದಲ್ಲಿ ಮುದುಕ ಅಬ್ರಹಾಮ ಸುಡುಬಿಸಿಲಿನ ಹೊತ್ತು ಗುಡಾರದ ಬಾಗಿಲಲ್ಲಿ ಕೂತಿದ್ದಾನೆ. ದೇವರು ಅವನಿಗೆ ಕಾಣಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಮೂವರು ಅಪರಿಚಿತರು ಕಾಣುತ್ತಾರೆ. ಅಬ್ರಹಾಮ ಓಡಿ ಹೋಗಿ ಕರೆತರುತ್ತಾನೆ. ಕಾಲಿಗೆ ನೀರು, ಮರದ ನೆರಳು, ರೊಟ್ಟಿ, ಮಾಂಸ, ಹಾಲು ಎಲ್ಲವೂ ಸಿದ್ಧವಾಗುತ್ತವೆ. ನೇರ ಅರ್ಥದಲ್ಲಿ ಇದು ಅತಿಥಿಸತ್ಕಾರ. ಯೆಹೂದ್ಯರ ಹಳೆಯ ವ್ಯಾಖ್ಯಾನಗ್ರಂಥ ತಾಲ್ಮುದಿನ ಗುರುಗಳು ಹಿಂದಿನ ಅಧ್ಯಾಯವನ್ನು ಜೋಡಿಸಿ ಇನ್ನೊಂದು ಅರ್ಥ ತೆಗೆದರು. ಅಬ್ರಹಾಮನಿಗೆ ಆಗಷ್ಟೇ ಸುನ್ನತಿ ಆಗಿದೆ, ಗಾಯ ಮಾಗಿಲ್ಲ. ಹಾಗಾದರೆ ದೇವರು ಬಂದದ್ದು ರೋಗಿಯನ್ನು ನೋಡಲು. ಕಬ್ಬಾಲಾದವರು ಇನ್ನೂ ಒಳಗೆ ಹೋಗುತ್ತಾರೆ. ದೇವರ ‘ಹೆಸೆದ್’ ಎಂಬ ಗುಣ, ಅಂದರೆ ಲೆಕ್ಕವಿಡದ ಕರುಣೆ, ಮನುಷ್ಯರೂಪ ತಾಳಿದರೆ ಹೇಗಿರುತ್ತದೋ ಅದೇ ಅಬ್ರಹಾಮ. ಸ್ವತಃ ನೋವಿನಲ್ಲಿದ್ದವನು ಇನ್ನೊಬ್ಬರ ದಣಿವಿಗೆ ಓಡುವುದರಲ್ಲಿ ಆ ಗುಣ ಮೈದೋರುತ್ತದೆ.

ಈ ಓದಿನ ಫಲವನ್ನು ನಾನು ಸಾವ್ತಾಳ ಕೋಣೆಯಲ್ಲೇ ಕಂಡೆ. ಸಾಬಾ ಹೆಂಡತಿಯ ಬಳಿ ಕೂರುವಾಗ ಕುರ್ಚಿ ಬಿಟ್ಟು ಒಂದು ಗಿಡ್ಡ ಮಣೆ ಎಳೆದುಕೊಳ್ಳುತ್ತಾರೆ. ಮಂಡಿನೋವಿರುವ ಮನುಷ್ಯ, ಏಳುವಾಗ ಗೋಡೆ ಹಿಡಿಯಬೇಕು. ಕಾರಣ ಕೇಳಿದೆ. ರೋಗಿಯ ತಲೆಯ ಬಳಿ ‘ಶೆಖಿನಾ’, ಅಂದರೆ ದೇವರ ಸನ್ನಿಧಿ, ನಿಂತಿರುತ್ತದೆ ಎಂದು ತಾಲ್ಮುದ್ ಹೇಳುತ್ತದೆಯಂತೆ. ಆದ್ದರಿಂದ ನೋಡಲು ಬಂದವರು ರೋಗಿಗಿಂತ ಎತ್ತರದಲ್ಲಿ ಕೂರುವಂತಿಲ್ಲ. ಆಸ್ಪತ್ರೆಗಳಲ್ಲಿ ರೋಗಿಯ ತಲೆಯ ಮೇಲೆ ಬಾಗಿ ಮಾತಾಡುವ ನಮ್ಮ ಅಭ್ಯಾಸ ನೆನಪಾಯಿತು. ಮಲಗಿದವರ ಕಣ್ಣಿಗೆ ಕಣ್ಣು ಸೇರುವ ಎತ್ತರಕ್ಕೆ ಇಳಿದು ಮಾತಾಡಿದರೆ ಸಾವ್ತಾಳ ಗಾಬರಿ ಅರ್ಧ ಇಳಿಯುತ್ತದೆ. ಆರೈಕೆಯ ತರಬೇತಿಯಲ್ಲೂ ಇದನ್ನು ಹೇಳಿಕೊಡುತ್ತಾರೆ. ಆದರೆ ಹಾಗೆ ಇಳಿಯುವುದು ಪೂಜೆಯ ಭಾಗ ಎಂದುಕೊಂಡವರ ಇಳಿಯುವಿಕೆಯೇ ಬೇರೆ.

ಹತ್ತು ಗುಣಗಳ ಏಣಿ

ಕಬ್ಬಾಲಾದ ನಡುಗಂಬ ಎಂದರೆ ಹತ್ತು ‘ಸೆಫಿರೋತ್’. ದೇವರು ತನ್ನ ನಿಜದಲ್ಲಿ ‘ಏನ್ ಸೋಫ್’, ಅಂತ್ಯವಿಲ್ಲದವನು, ಮಾತಿಗೆ ನಿಲುಕದವನು. ಅವನು ಜಗತ್ತಿಗೆ ತೋರಿಕೊಳ್ಳುವುದು ಹತ್ತು ಬಗೆಯಲ್ಲಿ: ಕೆತೆರ್, ಹೊಖ್ಮಾ, ಬಿನಾ, ಹೆಸೆದ್, ಗೆವುರಾ, ತಿಫೆರೆತ್, ನೆತ್ಸಾಹ್, ಹೋದ್, ಯೆಸೋದ್, ಮಲ್ಖೂತ್. ಹಾಗಾದರೆ ದೇವರು ಹತ್ತು ಜನರೇ ಎಂಬ ಆಕ್ಷೇಪಕ್ಕೆ ಕೊರ್ದೊವೆರೊ ಒಂದು ಹೋಲಿಕೆ ಕೊಟ್ಟರು. ಬಣ್ಣಬಣ್ಣದ ಗಾಜಿನ ಕಿಟಕಿಯಿಂದ ಬಿದ್ದ ಬಿಸಿಲು ಹತ್ತು ಬಣ್ಣವಾಗಿ ಕಂಡರೂ ಬೆಳಕು ಒಂದೇ.

ಇವುಗಳಲ್ಲಿ ಕೆಳಗಿನ ಏಳು ಗುಣಗಳು ಬದುಕಿಗೆ ನೇರ ತಾಗುವಂಥವು. ಹೆಸೆದ್ ಕರುಣೆಯಾದರೆ ಗೆವುರಾ ಸಂಯಮ, ಎಲ್ಲೆ ಹಾಕುವ ಕಟ್ಟುನಿಟ್ಟು. ಎರಡೂ ಹದವಾಗಿ ಬೆರೆತದ್ದು ತಿಫೆರೆತ್. ಅಬ್ರಹಾಮ ಹೆಸೆದ್, ಅವನ ಮಗ ಇಸಾಕ ಗೆವುರಾ, ಮೊಮ್ಮಗ ಯಾಕೋಬ ತಿಫೆರೆತ್. ತಂದೆ ಮಗನನ್ನು ಯಜ್ಞವೇದಿಯ ಮೇಲೆ ಕಟ್ಟುವ ಆದಿಕಾಂಡದ 22ನೆಯ ಅಧ್ಯಾಯ ಓದುವಾಗಲೆಲ್ಲ ನನಗೆ ಎದೆ ನಡುಗುತ್ತಿತ್ತು. ಜೋಹರ್ ಅಲ್ಲಿ ಕರುಣೆಯೂ ಕಟ್ಟುನಿಟ್ಟೂ ಒಂದರೊಳಗೊಂದು ಸೇರುವುದನ್ನು ಕಾಣುತ್ತದೆ. ಬರೀ ಕರುಣೆಯಾಗಿದ್ದವನು ಎಲ್ಲೆಯನ್ನು ತನ್ನೊಳಗೆ ತಂದುಕೊಂಡ. ಬರೀ ಎಲ್ಲೆಯಾಗಿದ್ದವನು ಕರುಣೆಗೆ ತನ್ನನ್ನು ಒಪ್ಪಿಸಿಕೊಂಡ.

ಇದು ಮೋಡದ ಮೇಲಿನ ಮಾತಲ್ಲ. ಸಾವ್ತಾಳಿಗೆ ಸಕ್ಕರೆ ಕಾಯಿಲೆ ಇದೆ, ಎಳ್ಳಿನ ಹಲ್ವ ಎಂದರೆ ಪ್ರಾಣ. ತಟ್ಟೆಗೆ ಕೈಚಾಚಿ ಮಗುವಿನ ಹಾಗೆ ನನ್ನ ಮುಖ ನೋಡುತ್ತಾಳೆ. ಕೊಟ್ಟುಬಿಟ್ಟರೆ ಆ ಹೊತ್ತಿಗೆ ಇಬ್ಬರಿಗೂ ಖುಷಿ. ಗದರಿಸಿ ತಟ್ಟೆ ಎತ್ತಿಟ್ಟರೆ ಸಕ್ಕರೆ ಮಟ್ಟ ಸರಿ ಇರುತ್ತದೆ, ಮನಸ್ಸು ಮುದುಡುತ್ತದೆ. ಉಗುರಿನಷ್ಟು ಚೂರು ಬಾಯಿಗಿಟ್ಟು, ಕೈ ಹಿಡಿದುಕೊಂಡು, ಅವಳಿಗಿಷ್ಟದ ಹಳೆಯ ಹಾಡು ಶುರುಮಾಡಿ ತಟ್ಟೆಯನ್ನು ಮೆಲ್ಲಗೆ ಸರಿಸುವುದು ಮೂರನೆಯ ದಾರಿ. ಅದಕ್ಕೆ ತಾಳ್ಮೆ ಬೇಕು. ಕರುಣೆಯೊಳಗಿನ ಸಂಯಮ ಎಂದು ಸಾಬಾ ಕರೆಯುವುದು ಇದನ್ನೇ.

ವರ್ಷಕ್ಕೊಮ್ಮೆ ಈ ಹದವನ್ನು ಇಡೀ ಸಮುದಾಯವೇ ಅಭ್ಯಾಸ ಮಾಡುತ್ತದೆ. ಪಸ್ಕ ಹಬ್ಬದ ಎರಡನೆಯ ರಾತ್ರಿಯಿಂದ ಶಾವುಓತ್ ಹಬ್ಬದ ಹಿಂದಿನ ದಿನದವರೆಗೆ 49 ದಿನ ‘ಓಮೆರ್’ ಎಣಿಸಬೇಕೆಂಬುದು ಯಾಜಕಕಾಂಡದ ಆಜ್ಞೆ. ಮೂಲದಲ್ಲಿ ಅದು ಬಾರ್ಲಿ ಕೊಯ್ಲಿನಿಂದ ಗೋಧಿ ಕೊಯ್ಲಿಗೆ ನಡೆಯುವ ಎಣಿಕೆ. ಕಬ್ಬಾಲಾದವರು ಏಳು ವಾರಗಳಿಗೆ ಏಳು ಗುಣ ಹಂಚಿದರು. ಪ್ರತಿ ವಾರದ ಏಳು ದಿನಗಳಿಗೆ ಅದೇ ಏಳು ಗುಣಗಳನ್ನು ಮತ್ತೆ ಹಂಚಿದರು. ಮೊದಲ ದಿನ ಕರುಣೆಯೊಳಗಿನ ಕರುಣೆ, ಎರಡನೆಯ ದಿನ ಕರುಣೆಯೊಳಗಿನ ಸಂಯಮ. ಹೀಗೆ 49 ಜೋಡಿ. ನಮ್ಮ ಮನೆಯಲ್ಲಿ ಫ್ರಿಜ್ ಮೇಲೆ ಆ ಪಟ್ಟಿ ಅಂಟಿಸಿದ್ದಾರೆ. ಕತ್ತಲಾದ ಮೇಲೆ ಸಾಬಾ ಎದ್ದು ನಿಂತು ಆಶೀರ್ವಚನ ಹೇಳಿ ದಿನ ಎಣಿಸುತ್ತಾರೆ, ಆ ದಿನದ ಜೋಡಿಯನ್ನು ಓದುತ್ತಾರೆ. ಆಮೇಲೆ ಇಡೀ ದಿನ ಅವರ ಕಣ್ಣು ಆ ಗುಣದ ಮೇಲಿರುತ್ತದೆ. ಮಗನಿಗೆ ಫೋನಿನಲ್ಲಿ ಬುದ್ಧಿ ಹೇಳಹೊರಟು ಸಂಯಮದ ದಿನ ಎಂದು ನೆನಪಾಗಿ ಮಾತನ್ನು ಅರ್ಧಕ್ಕೇ ನಿಲ್ಲಿಸಿದ್ದನ್ನು ನಾನೇ ಕೇಳಿದ್ದೇನೆ. 33ನೆಯ ದಿನ ‘ಲಾಗ್ ಬಾಓಮೆರ್’. ಆ ರಾತ್ರಿ ಶಿಮೋನ್ ಬಾರ್ ಯೋಖಾಯ್ ಅವರ ಸಮಾಧಿಯಿರುವ ಪಕ್ಕದ ಮೆರೋನ್ ಬೆಟ್ಟದಲ್ಲಿ ಬೆಂಕಿ ಉರಿಸಿ ಜನ ಕುಣಿಯುತ್ತಾರೆ.

ಹೊಡೆಯುವ ಕೈಗೂ ಬಲ ಕೊಡುವವನು

ಸಾಬಾ ಬೆಳಗಿನ ಕಾಫಿಯ ಜೊತೆ ಓದುವ ತೆಳುವಾದ ಪುಸ್ತಕವೊಂದಿದೆ. ಕೊರ್ದೊವೆರೊ ಬರೆದ ‘ತೋಮೆರ್ ದೆವೋರಾ’, ದೆಬೋರಳ ಖರ್ಜೂರವೃಕ್ಷ. ಕೊರ್ದೊವೆರೊ 1522ರಲ್ಲಿ ಹುಟ್ಟಿ 1570ರಲ್ಲಿ ತೀರಿಕೊಂಡರು. ಪುಸ್ತಕ ವೆನಿಸ್‌ನಲ್ಲಿ ಅಚ್ಚಾದದ್ದು 1588ರಲ್ಲಿ. ಕಬ್ಬಾಲಾದ ದೊಡ್ಡ ತತ್ವಗ್ರಂಥ ಬರೆದ ಅದೇ ವಿದ್ವಾಂಸ ಇಲ್ಲಿ ಕೇಳಿಕೊಂಡ ಪ್ರಶ್ನೆ ಸರಳ. ಮನುಷ್ಯ ದೇವರ ಹೋಲಿಕೆಯಲ್ಲಿ ಹುಟ್ಟಿದ್ದಾನೆ ಎಂದಾದರೆ ಆ ಹೋಲಿಕೆ ಮೂಗುಕಣ್ಣಿನಲ್ಲಿ ಇದ್ದು ಏನು ಬಂತು? ನಡತೆಯಲ್ಲಿ ಇರಬೇಕು. ಹಾಗಾಗಿ ಹತ್ತು ಸೆಫಿರೋತ್‌ಗಳನ್ನು ಒಂದೊಂದಾಗಿ ಎತ್ತಿಕೊಂಡು, ಈ ಗುಣವನ್ನು ಮನೆಯಲ್ಲಿ, ಬೀದಿಯಲ್ಲಿ ಹೇಗೆ ನಡೆಸಬೇಕು ಎಂದು ಹತ್ತು ಅಧ್ಯಾಯಗಳಲ್ಲಿ ಹೇಳಿದರು.

ಅತಿ ಎತ್ತರದ ಕೆತೆರ್ ಬಗ್ಗೆ ಬರೆಯುವಾಗ ಅವರು ಮಾತಾಡುವುದು ಮುಖದ ಬಗ್ಗೆ. ಹಣೆಯಲ್ಲಿ ಗಂಟು ಇರಬಾರದು. ಕಿವಿ ಒಳ್ಳೆಯದನ್ನು ಕೇಳಲು ತೆರೆದಿರಲಿ, ಚಾಡಿಗೆ ಮುಚ್ಚಿರಲಿ. ಕಣ್ಣು ನೊಂದವರನ್ನು ಹುಡುಕಲಿ. ಮೂಗಿನಿಂದ ಸಿಟ್ಟಿನ ಬುಸುಗುಟ್ಟುವಿಕೆ ಬೇಡ. ಎದುರಿಗೆ ಬಂದವರಿಗೆಲ್ಲ ಮುಖ ಬೆಳಗಲಿ. ಹೊಖ್ಮಾದ ಅಧ್ಯಾಯದಲ್ಲಿ ಅಗತ್ಯವಿಲ್ಲದೆ ಒಂದು ಗಿಡವನ್ನೂ ಕೀಳಬಾರದು, ಒಂದು ಜೀವಿಯನ್ನೂ ಕೊಲ್ಲಬಾರದು ಎನ್ನುತ್ತಾರೆ. ಹೆಸೆದ್ ಅಧ್ಯಾಯದಲ್ಲಿ ಬಾಣಂತಿಯ ನೆರವು, ರೋಗಿಯ ಭೇಟಿ, ಬಡವರಿಗೆ ದಾನ, ಅತಿಥಿಗೆ ಜಾಗ, ಸತ್ತವರ ಸಂಸ್ಕಾರ, ಜಗಳವಾಡಿದವರ ನಡುವೆ ರಾಜಿ, ಇವನ್ನೆಲ್ಲ ಸ್ವರ್ಗದ ವ್ಯವಸ್ಥೆಯ ಜೊತೆಗೇ ಜೋಡಿಸುತ್ತಾರೆ.

ನನಗೆ ಹೆಚ್ಚು ನಾಟಿದ್ದು ಮೊದಲ ಅಧ್ಯಾಯದ ಮೊದಲ ಮಾತು. ಪ್ರವಾದಿ ಮೀಕನ ಪುಸ್ತಕದ ಕೊನೆಯ ಸಾಲುಗಳಿಂದ ಕೊರ್ದೊವೆರೊ ದೇವರ 13 ಕರುಣಾಗುಣಗಳನ್ನು ತೆಗೆಯುತ್ತಾರೆ. ಮೊದಲನೆಯದು ಅವಮಾನವನ್ನು ಹೊತ್ತುಕೊಳ್ಳುವುದು. ಮನುಷ್ಯ ದೇವರ ವಿರುದ್ಧ ಕೈ ಎತ್ತುವ ಕ್ಷಣದಲ್ಲೂ ಆ ಕೈಗೆ ಕಸುವು ಬರುವುದು ದೇವರಿಂದಲೇ. ಅವನು ಮನಸ್ಸು ಮಾಡಿದರೆ ಆ ಕಸುವನ್ನು ನಿಲ್ಲಿಸಬಹುದು. ನಿಲ್ಲಿಸುವುದಿಲ್ಲ, ಕೊಡುತ್ತಲೇ ಇರುತ್ತಾನೆ. ನೀನೂ ಹಾಗೇ ಇರು, ಅವಮಾನ ಮಾಡಿದವನಿಗೆ ಕೊಡುವ ಒಳಿತನ್ನು ತಡೆಹಿಡಿಯಬೇಡ ಎನ್ನುತ್ತದೆ ಪುಸ್ತಕ. ಸಾವ್ತಾ ಸಂಜೆಯ ಹೊತ್ತು ಗಲಿಬಿಲಿಯಾಗಿ ನನ್ನನ್ನು ಕಳ್ಳಿ ಎನ್ನುವುದುಂಟು, ಸ್ವೆಟರ್ ಹಾಕುವ ಕೈಯನ್ನು ಹೊಡೆಯುವುದುಂಟು. ನಾನು ಉಣಿಸಿದ ಊಟದ ಬಲವೇ ಆ ಪೆಟ್ಟಿನಲ್ಲಿರುತ್ತದೆ. ಮರುದಿನವೂ ಅದೇ ಬಲವನ್ನು ಉಣಿಸುವುದೇ ನನ್ನ ಕೆಲಸ. ಇದನ್ನು ಬರೀ ಸಹನೆ ಎಂದುಕೊಂಡಿದ್ದಾಗ ದಣಿಯುತ್ತಿದ್ದೆ. ದೇವರ ಮೊದಲ ಗುಣ ಇದು ಎಂದು ತಿಳಿದ ಮೇಲೆ ಕೆಲಸಕ್ಕೆ ಘನತೆ ಬಂತು.

ಜಾಗ ಬಿಡುವುದು, ಹೆಕ್ಕಿ ಎತ್ತುವುದು

1570ರಲ್ಲಿ ಈಜಿಪ್ಟಿನಿಂದ ಸಫೇದಿಗೆ ಬಂದ ಯಿತ್ಸಾಕ್ ಲೂರಿಯಾ ಇಲ್ಲಿದ್ದದ್ದು ಎರಡೇ ವರ್ಷದ ಆಸುಪಾಸು. 1572ರ ಪ್ಲೇಗಿನಲ್ಲಿ ತೀರಿಕೊಂಡಾಗ ಅವರಿಗಿನ್ನೂ 38 ವರ್ಷ. ತಾವಾಗಿ ಬರೆದದ್ದು ತೀರಾ ಕಡಿಮೆ; ಶಿಷ್ಯ ಹಯೀಮ್ ವಿತಾಲ್ ಬರೆದಿಟ್ಟದ್ದರಿಂದ ಅವರ ಬೋಧನೆ ಉಳಿಯಿತು.

ಲೂರಿಯಾ ಹೇಳಿದ ಸೃಷ್ಟಿಯ ಕತೆ ಮೂರು ಹೆಜ್ಜೆಯದು. ಎಲ್ಲೆಡೆ ತುಂಬಿದ್ದ ಅನಂತನು ಜಗತ್ತಿಗೆ ಜಾಗ ಮಾಡಲು ತನ್ನನ್ನು ತಾನೇ ಕುಗ್ಗಿಸಿಕೊಂಡ; ಇದು ‘ತ್ಸಿಮ್ತ್ಸುಮ್’. ಆ ಜಾಗಕ್ಕೆ ಹರಿದ ಬೆಳಕನ್ನು ತಾಳಲಾರದೆ ಪಾತ್ರೆಗಳು ಒಡೆದು ಕಿಡಿಗಳು ಜಗತ್ತಿನ ತುಂಬ ಚದುರಿದವು, ಇದು ‘ಶೆವಿರಾ’. ಆ ಕಿಡಿಗಳನ್ನು ಹೆಕ್ಕಿ ಮೇಲಕ್ಕೆತ್ತಿ ಜಗತ್ತನ್ನು ಸರಿಪಡಿಸುವುದು ಮನುಷ್ಯನ ಪಾಲಿನ ಕೆಲಸ, ಇದು ‘ತಿಕ್ಕೂನ್’. ಊರು ಕಳೆದುಕೊಂಡು ಚದುರಿದ ಜನಕ್ಕೆ ಈ ಕತೆ ಎಂಥ ಧೈರ್ಯ ಕೊಟ್ಟಿರಬೇಕು! ಎಲ್ಲಿಗೆ ಹೋದರೂ ಅಲ್ಲೊಂದು ಕಿಡಿ ಕಾಯುತ್ತಿದೆ. ರೊಟ್ಟಿಯಲ್ಲೂ ಇದೆ, ಆದ್ದರಿಂದ ಆಶೀರ್ವಚನ ಹೇಳಿ ಮನಸ್ಸಿಟ್ಟು ತಿನ್ನಬೇಕು. ಮನಸ್ಸಿಟ್ಟು ಮಾಡುವ ಈ ಬಗೆಗೆ ‘ಕವ್ವಾನಾ’ ಎನ್ನುತ್ತಾರೆ. ಬೆಳಿಗ್ಗೆ ಕೈತೊಳೆಯುವ ವಿಧಿಗೆಂದು ಸಾವ್ತಾಳ ಹಾಸಿಗೆಯ ಬಳಿ ಎರಡು ಹಿಡಿಕೆಯ ತಂಬಿಗೆ ಇಡುತ್ತೇನೆ. ಮಕ್ಕಳ ಹೆಸರು ಮರೆತ ಆಕೆಯ ಕೈ ಇದನ್ನು ಮರೆತಿಲ್ಲ. ಮೊದಲು ಬಲಗೈಗೆ ನೀರು, ಆಮೇಲೆ ಎಡಗೈಗೆ, ಹೀಗೆ ಮೂರು ಸುತ್ತು. ಬಲಗೈ ಕರುಣೆ, ಎಡಗೈ ಕಟ್ಟುನಿಟ್ಟು. ದಿನ ಕರುಣೆಯಿಂದಲೇ ಶುರುವಾಗಬೇಕು.

ತ್ಸಿಮ್ತ್ಸುಮ್ ನನಗೆ ದಿನವೂ ಬೇಕಾಗುವ ಪಾಠ. ಸಾವ್ತಾ ಅಂಗಿಯ ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ನಾನು ಹಾಕಿದರೆ ಚಿಟಿಕೆಯಲ್ಲಿ ಮುಗಿಯುತ್ತದೆ. ಆದರೆ ನನ್ನ ಚುರುಕು ಅವಳ ಜಾಗವನ್ನು ನುಂಗಿಬಿಡುತ್ತದೆ. ಕೈ ಹಿಂದಕ್ಕೆ ತೆಗೆದುಕೊಂಡು ನಿಲ್ಲುತ್ತೇನೆ. ಗುಂಡಿ ತೂತಿನೊಳಗೆ ಕೂತಾಗ ಅವಳ ಮುಖ ಅರಳುತ್ತದೆ. ಮಕ್ಕಳನ್ನು ಬೆಳೆಸುವವರಿಗೂ ಸೊಸೆಗೆ ಅಡುಗೆಮನೆ ಬಿಟ್ಟುಕೊಡುವ ಅತ್ತೆಗೂ ಈ ಪಾಠ ಸಲ್ಲುತ್ತದೆ.

ಎಚ್ಚರಿಕೆಯೂ ಬೇಕು

ಈ ವಿದ್ಯೆಗೆ ಅಪಾಯದ ಚರಿತ್ರೆಯೂ ಇದೆ. 1665ರಲ್ಲಿ ಶಬ್ಬತಾಯ್ ತ್ಸ್ವಿ ಎಂಬಾತ ತಾನೇ ಮೆಸ್ಸೀಯ, ಅಂದರೆ ಬರಬೇಕಾದ ರಕ್ಷಕ, ಎಂದು ಸಾರಿದಾಗ ಅವನ ಹಿಂಬಾಲಕರು ಲೂರಿಯಾನ ಭಾಷೆಯನ್ನೇ ಬಳಸಿದರು. ಸಾವಿರಾರು ಜನ ಮನೆಮಠ ಮಾರಿ ಹೊರಡಲು ಸಿದ್ಧರಾದರು. ಮರುವರ್ಷ ಅವನು ಸುಲ್ತಾನನ ಮುಂದೆ ಮತಾಂತರವಾದ. ಆ ಪೆಟ್ಟಿನ ನೆನಪಿನಲ್ಲೇ 1756ರಲ್ಲಿ ಬ್ರೋಡಿ ಪಟ್ಟಣದ ರಬ್ಬಿಗಳು ಜೋಹರ್ ಓದಲು 30, ಲೂರಿಯಾನ ಬರಹ ಓದಲು 40 ವರ್ಷವಾಗಿರಬೇಕೆಂದು ಕಟ್ಟಳೆ ಮಾಡಿದರು. ಧರ್ಮಶಾಸ್ತ್ರ, ಸಂಸಾರ, ದುಡಿಮೆ ಇವುಗಳಲ್ಲಿ ಕಾಲೂರಿದವರು ಮಾತ್ರ ಒಳಗೆ ಬರಲಿ ಎಂಬುದು ಅದರ ಆಶಯ. ಇಂದು ಕೆಂಪುದಾರ, ಅದೃಷ್ಟದ ಅಕ್ಷರ ಎಂದು ಕಬ್ಬಾಲಾದ ಹೆಸರಲ್ಲಿ ಮಾರಾಟವಾಗುವುದನ್ನು ಕಂಡಾಗ ಆ ಹಿರಿಯರ ಕಾಳಜಿ ಸರಿ ಎನ್ನಿಸುತ್ತದೆ. ಹೊರಗಿನವಳಾದ ನಾನು ಇವರ ವಿಧಿಗಳನ್ನು ಎರವಲು ಪಡೆದು ಆಚರಿಸುವುದಿಲ್ಲ, ಯಾರಿಗೂ ಆಚರಿಸಿ ಎನ್ನುವುದಿಲ್ಲ. ಆದರೆ ನಡತೆಗೆ ಯಾವ ಬೇಲಿಯೂ ಇಲ್ಲ. ನಮ್ಮ ದೇಶದಲ್ಲೇ, ಕೊಚ್ಚಿಯಲ್ಲಿ, 1615ರಲ್ಲಿ ತೀರಿಕೊಂಡ ನೆಹೆಮಿಯಾ ಮೋಟಾ ಎಂಬ ಕಬ್ಬಾಲಾ ಸಾಧಕರ ಸಮಾಧಿಗೆ ಎಲ್ಲ ಮತದವರೂ ದೀಪ ಹಚ್ಚುತ್ತ ಬಂದಿದ್ದಾರೆ.

ಲೂರಿಯಾನ ಬಗ್ಗೆ ವಿತಾಲ್ ಬರೆದಿಟ್ಟ ಎರಡು ಸಂಗತಿಗಳು ಈ ಇಡೀ ವಿದ್ಯೆಯ ತೂಕ ಹೇಳುತ್ತವೆ. ಒಂದು, ಬೆಳಗಿನ ಪ್ರಾರ್ಥನೆಗೆ ಮುಂಚೆ ನೆರೆಯವನನ್ನು ತನ್ನಂತೆಯೇ ಪ್ರೀತಿಸುವ ಆಜ್ಞೆಯನ್ನು ಮೈಮೇಲೆ ಹೊತ್ತುಕೊಳ್ಳುತ್ತೇನೆ ಎಂದು ಸಂಕಲ್ಪ ಮಾಡಬೇಕು. ಇನ್ನೊಂದು ಕೂಲಿಯದು. ಕೂಲಿಯಾಳು ಸ್ವಜನವಾಗಲಿ ಪರದೇಶಿಯಾಗಲಿ, ಸೂರ್ಯ ಮುಳುಗುವ ಮುಂಚೆ ಅವನ ಕೂಲಿ ಕೊಡಬೇಕೆಂದು ಧರ್ಮೋಪದೇಶಕಾಂಡ 24ನೆಯ ಅಧ್ಯಾಯದಲ್ಲಿ ಹೇಳುತ್ತದೆ. ಲೂರಿಯಾ ಕೈಯಲ್ಲಿ ಹಣವಿಲ್ಲದ ದಿನ ಸಂಜೆಯ ಪ್ರಾರ್ಥನೆಯನ್ನೇ ತಡಮಾಡಿ, ಸಾಲ ಹುಡುಕಿ ತಂದು ಕೂಲಿ ಕೊಟ್ಟು, ಆಮೇಲೆ ದೇವರ ಮುಂದೆ ನಿಲ್ಲುತ್ತಿದ್ದರಂತೆ. ಸಂಬಳದ ದಿನ ಸಾಬಾ ಬೆಳಕಿರುವಾಗಲೇ ಲಕೋಟೆಯನ್ನು ನನ್ನ ಕೈಗೆ ಕೊಟ್ಟು, ಎಣಿಸಿಕೋ ಎಂದು ಎದುರಿಗೇ ನಿಲ್ಲುತ್ತಾರೆ.

ಊರಿನಲ್ಲಿ ಇದನ್ನು ಓದುತ್ತಿರುವವರಿಗೆ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವಳು, ಅಮ್ಮನನ್ನು ನೋಡಿಕೊಳ್ಳುವ ನರ್ಸ್, ತೋಟಕ್ಕೆ ಬರುವ ಆಳು, ಇವರು ಸಂಬಳಕ್ಕಾಗಿ ಎರಡನೆಯ ಸಲ ಬಾಯಿ ತೆರೆಯುವಂತೆ ಮಾಡಬೇಡಿ. ನೀವು ಓದುವುದು ಗೀತೆಯಾಗಲಿ, ವಚನವಾಗಲಿ, ಬೈಬಲ್ ಆಗಲಿ, ಕುರಾನ್ ಆಗಲಿ, ಅದರ ಒಳಗಿನ ಅರ್ಥ ನಿಮಗೆ ದಕ್ಕಿದೆಯೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಹೇಳಬೇಕಾದವರು ಅವರೇ.